ಮಲ್ಲಿಗೆಗೆ ಯಾವ ನೀರು

ಕುಡಿದ ನೀರೇನೋ ಸಿಹಿಯಾಗಿಯೇ ಇತ್ತು. ಆದರೆ ಅದು ಈ ಬಾವಿಯದೇ? ಹಾಲಸಿದ್ದಪ್ಪ ಖಾಲಿ ತಂಬಿಗೆ ಹಿಡಿದುಕೊಂಡೇ ನಿಂತಿದ್ದ. ಮಗಳು ಯಲ್ಲಕ್ಕನನ್ನು ಕೊಡುವ ಮೊದಲು ಹುಡುಗನ ಮನೆ ನೋಡಲೆಂದು ಸಾವಳಗಿಯಿಂದ ಚಕ್ಕಡಿ ಹೂಡಿಕೊಂಡು ಬಂದಿದ್ದ. ಮನೆ, ದನ, ಹುಡುಗ ಎಲ್ಲ ಮನಸ್ಸಿಗೆ ಬಂದಿತ್ತು. ಬಾವಿಯ ಪಕ್ಕದ ಅವರೆ ಬಳ್ಳಿ ಮಾತ್ರ ಅನುಮಾನ ಹುಟ್ಟಿಸುತ್ತಿತ್ತು. ಎಲೆಗಳ ಅಂಚು ಸುಟ್ಟಂತೆ ಕಂದಾಗಿತ್ತು; ಬುಡದ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಮೂಡಿತ್ತು.

"ಧರೆಪ್ಪಣ್ಣ, ಬಾವಿ ನೀರು ಸವಳ ಅದಾವೇನು?"

"ಎಲ್ಲಿ ಸವಳರಿ" ಎಂದ ಹುಡುಗನ ತಂದೆ ಧರೆಪ್ಪ. "ಮುಂಬೈ ಸರಕಾರದ ಸಾಹೇಬ್ರು ಬಂದು ಕುಡದು ಹೋಗ್ಯಾರ."

"ಎರಡನೇ ಗುಟುಕು ಕುಡದ್ರೇನು?"

ಧರೆಪ್ಪನಿಗೆ ನಗು ತಡೆಯಲಾಗಲಿಲ್ಲ. "ಅವರಿ ಬಳ್ಳಿಗೆ ಬಿಸಲು ಬಡದೈತ್ರಿ, ಅಷ್ಟ."

"ಮತ್ತ ಆ ಮಲ್ಲಿಗಿಗೆ ಯಾಕ ಬಡಿಲಿಲ್ಲ?"

ಹಿತ್ತಲ ಬಾಗಿಲ ಬಳಿ, ಅದೇ ಬಿಸಿಲಿನಲ್ಲಿ, ಮಲ್ಲಿಗೆ ಗಿಡವೊಂದು ಕಡುಹಸಿರಾಗಿ ಮೊಗ್ಗು ತುಂಬಿಕೊಂಡು ನಿಂತಿತ್ತು. ಧರೆಪ್ಪ ಅದನ್ನು ನೋಡಿದ, ಅವರೆಯನ್ನು ನೋಡಿದ. ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಖರೆ ಹೇಳ್ತೇನ್ರಿ. ಬಾವಿ ಸವಳ. ನೀವು ಕುಡದದ್ದು ಕೃಷ್ಣಾ ಹೊಳಿ ನೀರು. ಅಷ್ಟು ದೂರದಿಂದ ನಮ್ಮ ಹುಡುಗ ದಿನಾ ಕಾವಡಿ ಹೊತ್ತು ತರ್ತಾನ. ಆ ಗಿಡ ತೀರಿಹೋದ ಅವರವ್ವ ಹಚ್ಚಿದ್ದು. ಬಾವಿ ನೀರು ಹಾಕಿದ್ರ ಸಾಯ್ತೈತಿ ಅಂತ ಹೊಳಿ ನೀರ ಹಾಕತಾನ. ಮೊದಲ ಅದರ ಬುಡಕ್ಕ, ಆಮ್ಯಾಲ ನಮ್ಮ ಬಾಯಿಗೆ. ಒಂದೊಂದು ದಿನ ನಾ ಮಜ್ಜಿಗಿ ಕುಡದು ಸುಮ್ಮನಾಗ್ತೇನಿ."

ಹಾಲಸಿದ್ದಪ್ಪ ಬಗ್ಗಿ ಗಿಡದ ಬುಡ ಮುಟ್ಟಿದ. ಮಣ್ಣು ತಣ್ಣಗಿತ್ತು. ಕೈಯ ಮಣ್ಣು ಒರೆಸಿಕೊಂಡು ಎದ್ದು, "ಸಕ್ಕರಿ ಹಂಚಸ್ರಿ, ಬೀಗರ" ಎಂದ.

ಸಂಜೆ ಅವನ ಚಕ್ಕಡಿ ಮನೆ ಮುಟ್ಟಿದಾಗ ಹೆಂಡತಿ ಮಾಯವ್ವ ತಮ್ಮ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು.

"ಅಲ್ಲಿ ನೀರು ಹೆಂಗ ಅದಾವ್ರಿ?"

"ಸವಳ."

"ಸವಳ ನೀರಿನ ಮನಿಗೆ ಹುಡುಗಿ ಕೊಡ್ತೀನಿ ಅಂತ ಮಾತ ಕೊಟ್ಟು ಬಂದ್ರೇನು? ಇಲ್ಲಿ ಸೀ ನೀರು ಕುಡದು ಬೆಳದ ಕೂಸದು."

"ಹುಡುಗ ಛಲೋ ಅದಾನ."

"ಹುಡುಗನ್ನ ಕುಡಿಯಾಕ ಬರ್ತೈತೇನು?" ಎನ್ನುತ್ತ ಆಕೆ ಕೊಡವನ್ನು ಒಬ್ಬಳೇ ಇಳಿಸಿ, ಇನ್ನೊಂದನ್ನು ತುಂಬಲು ಹೊರಟಳು.

ಇಷ್ಟು ವರ್ಷಗಳಲ್ಲಿ ಮನೆಯ ಮುಂದಿನ ಸಿಹಿ ಬಾವಿಯಿಂದ ಒಂದು ಕೊಡವನ್ನೂ ತಾನು ಅವಳಿಗೆ ಸೇದಿಕೊಟ್ಟಿಲ್ಲ ಎಂಬ ಮಾತನ್ನು ಹಾಲಸಿದ್ದಪ್ಪ ಆಗಲೂ ಆಡಲಿಲ್ಲ, ಮುಂದೆಯೂ ಆಡಲಿಲ್ಲ.