ಚಾದರದ ಮೂಲೆಯ ಅರಿಶಿನ

ಟ್ರಂಕು ತೆರೆದರೆ ಈಗಲೂ ಅತ್ತರಿನ ವಾಸನೆ ಬರುತ್ತದೆ. ಅದು ಒಂದು ತುಂಡು ಹಸಿರು ಬಟ್ಟೆಯದು.

ನಾವು ಗುಬ್ಬಿಯಲ್ಲಿದ್ದಾಗ ನನಗೆ ವಿಷಮಜ್ವರ ಬಂದು ವಾಸಿಯಾಗಿತ್ತು. ದರ್ಗಾದ ಗೋರಿಗೆ ಚಾದರ ಹೊದಿಸುತ್ತೇನೆಂದು ಅಜ್ಜಿ ಹರಕೆ ಹೊತ್ತಿದ್ದಳು. ಪಕ್ಕದ ಮನೆಯ ಬೂಬಮ್ಮ ಎಳೆಹಸಿರು ಸ್ಯಾಟಿನ್ ಮೇಲೆ ಜರಿಯಲ್ಲಿ ಅರಬ್ಬಿ ಅಕ್ಷರಗಳನ್ನು ಹೊಲಿದು, ಒಂದು ಮಧ್ಯಾಹ್ನ ತಂದುಕೊಟ್ಟರು. ಅಕ್ಷರಗಳು ಬೆರಳಿಗೆ ಒರಟೊರಟಾಗಿ, ತಣ್ಣಗೆ ತಾಗಿದವು.

ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ನಮ್ಮ ಮನೆಯಲ್ಲಿ ಯಾರೂ ಉಡುತ್ತಿರಲಿಲ್ಲ. ಅಜ್ಜಿಯ ಕೈ ಅಭ್ಯಾಸಬಲದಿಂದ ಅರಿಶಿನದ ಬಟ್ಟಲಿಗೆ ಹೋಯಿತು. ಹಚ್ಚಿದ ಮೇಲೆಯೇ ಅವಳಿಗೆ ಎಚ್ಚರವಾದದ್ದು.

"ಅಯ್ಯೋ, ಕೆಡಿಸ್ಬಿಟ್ನಲ್ಲೇ ಬೂಬಮ್ಮ! ಇನ್ನು ಇದನ್ನ ಹೊದಿಸ್ತಾರಾ?" ಅಜ್ಜಿ ಅಳುವಂತಾದಳು.

ಬೂಬಮ್ಮ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಅಳ್ಬೇಡಿ ಬುಡಿ ಅವ್ವಾ. ಮಗೀಗೆ ಹಚ್ಚೋ ಅರಿಶಿನಾನೇ ತಾನೆ?" ಎಂದವರೇ ಸೂಜಿಗೆ ಜರಿ ಪೋಣಿಸಿ, ಕಲೆಯ ಮೇಲೆ ಒಂದು ಹೂವು ಹೊಲಿದರು. ಚಾದರ ಅಂದೇ ದರ್ಗಾಕ್ಕೆ ಹೋಯಿತು.

ಮರುವರ್ಷ ಅದನ್ನು ತೆಗೆದು ಬೇರೆಯದನ್ನು ಹೊದಿಸಿದಾಗ, ಬೂಬಮ್ಮ ಆ ಮೂಲೆಯನ್ನು ಕತ್ತರಿಸಿ ತಂದು ನನ್ನ ಕೈಗಿಟ್ಟರು. "ಇದು ನಿಂದು ಕಣೋ, ಜೋಪಾನ."

ಜರಿ ಈಗ ಕಪ್ಪಾಗಿದೆ. ಸಡಿಲವಾದ ಎಸಳೊಂದನ್ನು ಎತ್ತಿದರೆ, ಅಡಿಯಲ್ಲಿ ಅಜ್ಜಿಯ ಬೆರಳಗಲದ ಅರಿಶಿನ ಇನ್ನೂ ಹಳದಿಯಾಗಿಯೇ ಇದೆ.