ಕಂಬದ ಮೇಲಿನ ಎಂಟು ಕಿಂಡಿ

ಸತ್ತವರೊಡನೆ ಮಾತಾಡಿಸುವ ಎರಡು ಕಂಪನಿಗಳ ಫೈಬರ್ ಲೈನ್ ಹೋಲಿಸಿ ನೋಡಿ ರೆಮೆಡಿಯೋಸ್‌ಗೆ ಸಾಕಾಗಿಹೋಗಿತ್ತು. ಒಂದರಲ್ಲಿ ಸತ್ತವರ ಧ್ವನಿ ಬೇಗ ಸಿಗುತ್ತದೆ, ಆದರೆ ಅವರಿಗೆ ನಮ್ಮ ಹೆಸರೇ ನೆನಪಿರುವುದಿಲ್ಲ. ಇನ್ನೊಂದರಲ್ಲಿ ಎಲ್ಲ ಸ್ಪಷ್ಟ, ಆದರೆ ಮನೆಗೆ ಲೈನ್ ಜೋಡಿಸಿಕೊಡುವುದಕ್ಕೇ ವರ್ಷ ಹಿಡಿಯುತ್ತದೆ. ಹಡಗಿನ ಕೆಲಸಕ್ಕೆ ಹೋಗಿ ಕಡಲಲ್ಲೇ ಮುಳುಗಿದ ಗಂಡನಿಗಾಗಿ ಅವಳು ಎರಡನೆಯದನ್ನೇ ಆರಿಸಿದಳು.

ಕೊನೆಗೂ ಬಂದ ಲೈನ್‌ಮನ್, ಅವಳು ಕೊಟ್ಟ ಬಾಳೆಹಣ್ಣು ಸುತ್ತಿ ಕರಿದ ತುರೋನ್ ತಿಂದು, ಕಂಬ ಹತ್ತಿ ಇಳಿದ. "ಡಬ್ಬಿಯಲ್ಲಿ ಲೈನ್ ಸಿಕ್ಕಿಸೋಕೆ ಇರೋದೇ ಎಂಟು ಕಿಂಡಿ ಅಕ್ಕ, ಎಲ್ಲ ಭರ್ತಿ. ಯಾರಾದ್ರೂ ಒಂದು ಬಿಟ್ಟುಕೊಡಬೇಕು."

ಮನಿಲಾ ಪಕ್ಕದ ಇಮುಸ್‌ನ ಆ ಓಣಿಯಲ್ಲಿ ಬೇಗ ಬಿಡಬಹುದಾದವನು ಒಬ್ಬನೇ: ಸತ್ತ ಹೆಂಡತಿಯೊಡನೆ ಮಾತಾಡುತ್ತ ಹಾಸಿಗೆ ಹಿಡಿದಿದ್ದ ಮುದುಕ ಇಸ್ಲಾವ್. ಅಂದಿನಿಂದ ರೆಮೆಡಿಯೋಸ್ ದಿನಾ ಬೆಳಿಗ್ಗೆ ಶುಂಠಿ ಹಾಕಿದ ಗಂಜಿ ಒಯ್ದು ಅವನಿಗೆ ಉಣಿಸತೊಡಗಿದಳು. ಕಣ್ಣು ಮಾತ್ರ ಗೋಡೆಯ ಮೇಲಿನ ಫೈಬರ್ ತಂತಿಯ ಮೇಲೇ ಇರುತ್ತಿತ್ತು.

ಮೂರನೇ ತಿಂಗಳು ಮುದುಕ ಚಮಚ ತಡೆದ. "ನೀನು ಯಾಕೆ ಬರ್ತೀಯ ಅಂತ ಗೊತ್ತು ತಾಯಿ. ನಾನು ಹೋದ್ರೂ ಕಿಂಡಿ ಖಾಲಿಯಾಗಲ್ಲ. ಮಗಳು ಆಗಲೇ ಅರ್ಜಿ ಹಾಕಿದಾಳೆ, ನನ್ನ ಜೊತೆ ಮಾತಾಡೋಕೆ."

ಬಟ್ಟಲಲ್ಲಿ ಇನ್ನೂ ಅರ್ಧ ಗಂಜಿ ಇತ್ತು. ರೆಮೆಡಿಯೋಸ್ ಅದನ್ನು ಉಣಿಸಿ ಮುಗಿಸಿದಳು.