ಕರಗದ ಸೆರಗು

ಪ್ರತಿ ತಿಂಗಳ ಕೊನೆಯ ಸಂಜೆ ಐದಕ್ಕೆ ಎಲ್ಲರ ಮೈಮೇಲಿನ ಸರ್ಕಾರಿ ಬಟ್ಟೆ ಕರಗುತ್ತಿತ್ತು. ಅಷ್ಟರೊಳಗೆ ಜನ ಸಾಲು ನಿಂತು ಹೊಸದು ತೊಡುತ್ತಿದ್ದರು. ಒಗೆಯುವ ಕೆಲಸವೇ ಊರಲ್ಲಿ ಉಳಿದಿರಲಿಲ್ಲ. ಇಳಕಲ್ಲಿನ ಗುರಸಂಗವ್ವ ಮಾತ್ರ ಅಜ್ಜಿಯ ಕೈಮಗ್ಗದ ಸೀರೆಯಿಂದ ನಿಲುವಂಗಿ ಹೊಲಿಯುತ್ತಿದ್ದಳು. ಸೆರಗಿಗೆ ಕತ್ತರಿ ತಾಗಿಸದೆ ಇಡಿಯಾಗಿ ಬೆನ್ನಿಗೆ ಕೊಟ್ಟಿದ್ದಳು.

ಅಂಥ ಒಂದು ಕೊನೆಯ ದಿನ, ಬೆಳಗಿನಿಂದ ಜಪ್ತಿಗೆ ಅಲೆದ ಬಟ್ಟೆ ಇನ್ಸ್‌ಪೆಕ್ಟರು ಸಾಲಿಗೆ ನಿಲ್ಲುವುದನ್ನೂ ಮರೆತು ಅವಳ ಬಾಗಿಲಿಗೆ ಬಂದ.

“ಕರಗಲಾರದ ಬಟ್ಟಿ ಇಟ್ಕೊಳ್ಳೂದು ಗುನ್ಹೆ ಐತಿ, ಯವ್ವಾ. ತಾ ಇಲ್ಲೆ.”

“ಅರ್ಧಾ ಹೊಲಿದದ್ದು ಹೊಸ್ತಿಲಾ ದಾಟಬಾರದ್ರಿ. ಒಂದು ಗುಂಡಿ ಉಳದೈತಿ, ಕೂಡ್ರಿ.”

ಬೆಳಿಗ್ಗೆಯೇ ಸಾಲು ನಿಂತು ಹೊಸದು ತೊಟ್ಟಿದ್ದ ಅವಳು ಗಡಿಯಾರ ನೋಡುತ್ತಲೇ ನಿಧಾನಕ್ಕೆ ದಾರ ಎಳೆದಳು. ಐದು ಬಡಿಯಿತು. ಅವನ ಖಾಕಿ ತೋಳಿನಿಂದ ನೀರಾಗಿ ಸೋರತೊಡಗಿತು. ಅವನು ಮುದುಡಿ ಕೂತ.

ಗುರಸಂಗವ್ವ ನಿಲುವಂಗಿಯನ್ನು ಅವನ ಹೆಗಲಿಗೆ ಹೊದಿಸಿದಳು. “ಜಪ್ತಿ ಅಂತ ಬರಕೋಬ್ಯಾಡ್ರಿ, ಸಾಹೇಬ್ರ. ಕಡಾ ಕೊಟ್ಟೀನಿ. ನಾಳೆ ಒಗದು ತಂದುಕೊಡ್ರಿ.”